ಬುರುಡೆಗೊಂದು ಮುಖ, ಮುಖಕ್ಕೊಂದು ಹೆಸರು

ದಿನಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಪುಟ್ಟ ಪ್ರಕಟಣೆಯನ್ನು ನಾವೆಲ್ಲ ನೋಡುತ್ತೇವೆ. ತಲೆಬರಹ 'ಅಪರಿಚಿತ ಶವ ಪತ್ತೆ'. ಅದರ ಕೆಳಗೆ ಅಂದಾಜು ವಯಸ್ಸು, ಎತ್ತರ, ಮೈಬಣ್ಣ, ತೊಟ್ಟಿದ್ದ ಬಟ್ಟೆ. ಕೊನೆಯಲ್ಲಿ, ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು ಎಂಬ ಕೋರಿಕೆ. ನಾವು ಕಣ್ಣಾಡಿಸಿ ಪುಟ ತಿರುವುತ್ತೇವೆ.

ಈ 'ವಾರಸುದಾರ' ಎಂಬ ಮಾತಿನ ಬೇರು ಅರಬ್ಬಿಯ 'ವಾರಿಸ್'. ಸತ್ತವನ ಆಸ್ತಿಗೆ ಹಕ್ಕುಳ್ಳವನು ಎಂದರ್ಥ. ಅದರ ಹಿಂದೆ ಪಾರ್ಸಿಯ 'ಬೇ' ಸೇರಿ 'ಬೇವಾರಿಸ್' ಆಯಿತು. ಅದು ಕನ್ನಡದ ಬೀದಿಗೆ ಬರುವ ಹೊತ್ತಿಗೆ ಬೈಗುಳವೂ ಆಯಿತು. ಆಸ್ತಿ ಬಿಟ್ಟು ಸತ್ತವನಿಗೆ ವಾರಸುದಾರರು ಕರೆಯದಿದ್ದರೂ ಬರುತ್ತಾರೆ. ಹೆಸರೇ ಇಲ್ಲದ ಹೆಣಕ್ಕೆ ಯಾರು ಬರಬೇಕು? ಕಫನ್ ಯಾರು ಹೊದಿಸಬೇಕು? ಹೂಳಬೇಕೋ ಸುಡಬೇಕೋ ಎಂಬುದು ಕೂಡ ಹೆಸರು ಗೊತ್ತಾದ ಮೇಲೆ ಇತ್ಯರ್ಥವಾಗುವ ಮಾತು. ಕೊಲೆಗಾರನಂತೂ ಹೆಸರನ್ನೇ ಅಳಿಸಲು ನೋಡುತ್ತಾನೆ. ಸತ್ತದ್ದು ಯಾರೆಂದೇ ಗೊತ್ತಾಗದಿದ್ದರೆ ಕೊಂದದ್ದು ಯಾರೆಂದು ಕೇಳುವವರು ಯಾರು?

ಹೀಗೆ ಅಳಿಸಿಹೋದ ಹೆಸರನ್ನು ಮರಳಿ ಪಡೆಯಲು ಮನುಷ್ಯ ಕಂಡುಕೊಂಡ ದಾರಿಗಳಲ್ಲಿ ಒಂದು, ತಲೆಬುರುಡೆಯನ್ನು ಸತ್ತವರ ಫೋಟೋದೊಂದಿಗೆ ಹೋಲಿಸಿ ನೋಡುವುದು. ವಿಧಿವಿಜ್ಞಾನದವರು ಇದನ್ನು ಸೂಪರ್ ಇಂಪೊಸಿಷನ್ ಎನ್ನುತ್ತಾರೆ. ಒಂದರ ಮೇಲೊಂದು ಚಿತ್ರವನ್ನಿಟ್ಟು ನೋಡುವುದು ಎಂದು ಸರಳವಾಗಿ ಹೇಳಬಹುದು. ಈ ವಿದ್ಯೆಯ ಕತೆಯಲ್ಲಿ ವಿಜ್ಞಾನ ಎಷ್ಟಿದೆಯೋ, ಸತ್ತವರನ್ನು ಹುಡುಕಿಕೊಂಡು ಬಂದ ಬದುಕಿರುವವರ ಹಟವೂ ಅಷ್ಟೇ ಇದೆ.

ಇದರ ಮೊದಲ ಹೆಜ್ಜೆಗಳು ಜರ್ಮನಿಯಲ್ಲಿ ಕಾಣುತ್ತವೆ. ಕವಿ ಫ್ರೆಡರಿಕ್ ಷಿಲ್ಲರ್ 1805ರಲ್ಲಿ ವೈಮಾರ್ ನಗರದಲ್ಲಿ ತೀರಿಕೊಂಡಾಗ ಅವನ ಶವವನ್ನು ಹಲವರ ಶವಪೆಟ್ಟಿಗೆಗಳಿದ್ದ ಒಂದು ಸಾಮೂಹಿಕ ನೆಲಮಾಳಿಗೆಯಲ್ಲಿ ಇಟ್ಟಿದ್ದರು. 1826ರಲ್ಲಿ ಆ ಊರಿನ ಮೇಯರ್ ಅಲ್ಲಿಗಿಳಿದಾಗ ಪೆಟ್ಟಿಗೆಗಳು ಕೊಳೆತು ಎಲುಬುಗಳೆಲ್ಲ ಕಲೆತುಹೋಗಿದ್ದವು. ಅವನು 23 ಬುರುಡೆಗಳನ್ನು ಹೊರತಂದು, ಅವುಗಳಲ್ಲಿ ಅತಿ ದೊಡ್ಡದನ್ನು ಆರಿಸಿ ಇದೇ ಮಹಾಕವಿಯ ತಲೆ ಎಂದು ತೀರ್ಮಾನಿಸಿದ. ದೊಡ್ಡವರ ತಲೆ ದೊಡ್ಡದಾಗಿಯೇ ಇರಬೇಕೆಂಬುದು ಆ ಕಾಲದ ನಂಬಿಕೆ. 1883ರಲ್ಲಿ ಹಾಲೆ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರಜ್ಞ ಹರ್ಮನ್ ವೆಲ್ಕರ್, ಷಿಲ್ಲರ್ ಸತ್ತಾಗ ಅವನ ಮುಖದಿಂದ ತೆಗೆದಿದ್ದ ಅಚ್ಚಿನೊಂದಿಗೆ ಆ ಬುರುಡೆಯನ್ನು ಅಳತೆ ಹಿಡಿದು ಹೋಲಿಸಿ, ಎರಡೂ ಹೊಂದುವುದಿಲ್ಲವೆಂದ. ಹೀಗೆ ಹೋಲಿಸಬೇಕಾದರೆ ಮುಖದ ಯಾವ ಭಾಗದಲ್ಲಿ ಎಲುಬಿನ ಮೇಲೆ ಎಷ್ಟು ದಪ್ಪ ಮಾಂಸ ಇರುತ್ತದೆ ಎಂಬುದು ತಿಳಿದಿರಬೇಕು. ವೆಲ್ಕರ್ ಶವಗಳ ಮೇಲೆ ಅದನ್ನೂ ಅಳೆದಿದ್ದ. ಬುರುಡೆಯನ್ನು ಒಬ್ಬ ನಿರ್ದಿಷ್ಟ ಮನುಷ್ಯನ ಮುಖದ ಮುಂದಿಟ್ಟು, ಇದು ಅವನದೇ ಹೌದೇ ಎಂದು ಕ್ರಮಬದ್ಧವಾಗಿ ಕೇಳುವ ಪರಿಪಾಠ ಬೆಳೆದದ್ದು ಇಂಥ ಕೆಲಸಗಳಿಂದ.

ಆ ಶತಮಾನದಲ್ಲಿ ಬುರುಡೆ ಅಳೆಯುವ ಇನ್ನೊಂದು ಹುಚ್ಚೂ ಇತ್ತೆಂಬುದನ್ನು ಮರೆಯಬಾರದು. ಯುರೋಪು ಅಮೆರಿಕಗಳ ವಿದ್ವಾಂಸರು ಜಗತ್ತಿನ ಮೂಲೆ ಮೂಲೆಗಳಿಂದ ಬುರುಡೆಗಳನ್ನು ಕಲೆಹಾಕಿ, ಯಾವ ಜನಾಂಗ ಮೇಲು ಯಾವುದು ಕೀಳು ಎಂದು ಪಟ್ಟಿ ಮಾಡುತ್ತಿದ್ದರು. ನಮ್ಮ ದೇಶದಲ್ಲಿ 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಬದುಕಿದ್ದವರ ಮೂಗಿನ ಉದ್ದಗಲ ಅಳೆದು ಜಾತಿಗಳ ಮೇಲುಕೀಳಿಗೆ ಲೆಕ್ಕ ಹೊಂದಿಸಲು ಹೊರಟಿದ್ದ. ಅಳತೆಪಟ್ಟಿ ಅದೇ, ಆದರೆ ಕೇಳಿದ ಪ್ರಶ್ನೆ ಬೇರೆ. ಒಂದು ಕಡೆ ಮನುಷ್ಯನನ್ನು ಗುಂಪಿನೊಳಗೆ ಕರಗಿಸಲು ಅಳೆದರು. ಇನ್ನೊಂದು ಕಡೆ ಗುಂಪಿನೊಳಗೆ ಕಳೆದುಹೋದ ಒಬ್ಬನನ್ನು ಹೊರತೆಗೆಯಲು ಅಳೆದರು.

ಈ ವಿದ್ಯೆ ನ್ಯಾಯಾಲಯದ ಕಟಕಟೆಯವರೆಗೆ ಬಂದು ಜಗತ್ತಿನ ಗಮನ ಸೆಳೆದದ್ದು 1935ರ ಒಂದು ಕೊಲೆ ಪ್ರಕರಣದಿಂದ. ಆ ಪ್ರಕರಣದ ಅಪರಾಧಿ ನಮ್ಮ ದೇಶದವನೇ. ಮುಂಬಯಿಯ ಪಾರ್ಸಿ ಮನೆತನದಲ್ಲಿ 1899ರಲ್ಲಿ ಹುಟ್ಟಿದ ಬಖ್ತಿಯಾರ್ ರುಸ್ತಮ್‌ಜಿ ಹಕೀಮ್ ವೈದ್ಯನಾಗಿ ಇಂಗ್ಲೆಂಡಿಗೆ ಹೋಗಿ ಬಕ್ ರಕ್ಸ್‌ಟನ್ ಎಂದು ಹೆಸರು ಬದಲಿಸಿಕೊಂಡ. 1930ರಿಂದ ಲ್ಯಾಂಕಾಸ್ಟರ್ ಪಟ್ಟಣದಲ್ಲಿ ವೈದ್ಯವೃತ್ತಿ. ಬಡ ರೋಗಿಗಳಿಗೆ ಬೇಕಾದವನೆಂದು ಊರಿನಲ್ಲಿ ಒಳ್ಳೆಯ ಹೆಸರಿತ್ತು. ಮನೆಯೊಳಗಿನ ಕತೆ ಬೇರೆ. ಅವನೊಂದಿಗೆ ಹೆಂಡತಿಯಾಗಿ ಬಾಳುತ್ತಿದ್ದ ಸ್ಕಾಟ್ಲೆಂಡಿನ ಇಸಬೆಲ್ಲಾಳ ಮೇಲೆ ಅವನಿಗೆ ತೀರದ ಸಂಶಯ. ಜಗಳ, ಹೊಡೆತ, ಬೆದರಿಕೆಗಳು ಪೊಲೀಸರ ಕಿವಿಯವರೆಗೂ ಹೋಗಿದ್ದವು. ಮೂವರು ಮಕ್ಕಳು. ಅವರನ್ನು ನೋಡಿಕೊಳ್ಳಲು 20 ವರ್ಷದ ಮೇರಿ ರೋಜರ್ಸನ್ ಎಂಬ ಬಡ ಮನೆಯ ಹುಡುಗಿ.

1935ರ ಸೆಪ್ಟೆಂಬರ್ 14ರ ಶನಿವಾರ ಇಸಬೆಲ್ಲಾ ಬ್ಲ್ಯಾಕ್‌ಪೂಲಿಗೆ ಹೋಗಿ ಅಕ್ಕತಂಗಿಯರನ್ನು ಕಂಡು ತಡರಾತ್ರಿ ಮರಳಿದಳು. ಆಮೇಲೆ ಅವಳನ್ನೂ ಮೇರಿಯನ್ನೂ ಯಾರೂ ಜೀವಂತ ಕಾಣಲಿಲ್ಲ. ಎರಡು ವಾರದ ನಂತರ, ಸೆಪ್ಟೆಂಬರ್ 29ರಂದು, ಅಲ್ಲಿಂದ ಸುಮಾರು 100 ಮೈಲಿ ಉತ್ತರಕ್ಕೆ, ಸ್ಕಾಟ್ಲೆಂಡಿನ ಮೊಫಟ್ ಊರಿನ ಹತ್ತಿರ ಸೇತುವೆಯೊಂದರ ಮೇಲೆ ನಿಂತಿದ್ದ ಯುವತಿಗೆ ಕೆಳಗಿನ ಹಳ್ಳದಲ್ಲಿ ಗಂಟೊಂದರಿಂದ ಹೊರಚಾಚಿದ ತೋಳು ಕಂಡಿತು. ಪೊಲೀಸರು ಹುಡುಕಿದಂತೆ ಸುಮಾರು 70 ತುಂಡುಗಳು ಸಿಕ್ಕವು. ಜೊತೆಗೆ ಎರಡು ತಲೆಗಳು. ಕಣ್ಣು, ಕಿವಿ, ಮೂಗು, ತುಟಿ ಇಲ್ಲ. ಹಲವು ಹಲ್ಲುಗಳನ್ನು ಕಿತ್ತಿದ್ದರು. ಒಂದು ದೇಹದ ಬೆರಳ ತುದಿಗಳನ್ನು ಕತ್ತರಿಸಿದ್ದರು. ಇದನ್ನು ಮಾಡಿದವನಿಗೆ ದೇಹದ ವಿದ್ಯೆ ಗೊತ್ತಿತ್ತು. ಗುರುತು ಎಲ್ಲೆಲ್ಲಿ ಇರುತ್ತದೆ ಎಂಬುದೂ ಗೊತ್ತಿತ್ತು.

ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಜಾನ್ ಗ್ಲೇಸ್ಟರ್, ಎಡಿನ್‌ಬರೋದ ಅಂಗರಚನಾಶಾಸ್ತ್ರದ ಪ್ರೊಫೆಸರ್ ಜೇಮ್ಸ್ ಕೂಪರ್ ಬ್ರ್ಯಾಶ್ ಮತ್ತವರ ಸಂಗಡಿಗರು ಈ ತುಂಡುಗಳನ್ನು ಜೋಡಿಸಲು ಕುಳಿತರು. ಮೊದಮೊದಲು ಒಂದು ಗಂಡಸಿನ ದೇಹ, ಒಂದು ಹೆಂಗಸಿನದು ಎಂದು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ರಕ್ಸ್‌ಟನ್, ಇದು ನಮ್ಮವರಿಬ್ಬರದಲ್ಲ ಎಂದು ಮನೆಗೆಲಸದವರ ಮುಂದೆ ನಿರಾಳನಾದ. ಜೋಡಣೆ ಮುಗಿದಾಗ ಎರಡೂ ಹೆಂಗಸರ ದೇಹಗಳೆಂದು ಖಚಿತವಾಯಿತು. ಒಂದರ ವಯಸ್ಸು ಸುಮಾರು 20-21. ಇನ್ನೊಂದರದು 35ರಿಂದ 45ರೊಳಗೆ.

ಇಲ್ಲಿ ಪರಿಣತರಿಗೆ ಇನ್ನೊಂದು ಸಂಗತಿ ಹೊಳೆಯಿತು. ಇಲ್ಲದಿರುವುದೇ ಸಾಕ್ಷಿಯಾಗಿತ್ತು. ಮೇರಿಯ ಕಣ್ಣಿನಲ್ಲಿ ಮೆಳ್ಳೆ ಇತ್ತು, ಚಿಕ್ಕ ದೇಹದ ಕಣ್ಣುಗಳನ್ನು ತೆಗೆಯಲಾಗಿತ್ತು. ಮೇರಿಯ ತೋಳಿನ ಮೇಲೆ ಹುಟ್ಟುಮಚ್ಚೆ ಇತ್ತು, ಆ ಭಾಗದ ಚರ್ಮವನ್ನು ಸುಲಿಯಲಾಗಿತ್ತು. ಇಸಬೆಲ್ಲಾಳ ಮೂಗು ಎದ್ದು ಕಾಣುವಂಥದ್ದು, ದೊಡ್ಡ ದೇಹಕ್ಕೆ ಮೂಗಿರಲಿಲ್ಲ. ಅವಳ ಕಾಲಿನ ಮೀನಖಂಡದಿಂದ ಹಿಮ್ಮಡಿಯ ಗಂಟಿನವರೆಗೆ ಒಂದೇ ದಪ್ಪ, ಆ ಕಾಲುಗಳ ಮಾಂಸವನ್ನು ಕೆತ್ತಿ ತೆಗೆಯಲಾಗಿತ್ತು. ಕೊಲೆಗಾರ ಏನನ್ನು ಮುಚ್ಚಿಡಲು ಹೊರಟಿದ್ದನೋ ಅದರ ಪಟ್ಟಿಯನ್ನು ಅವನ ಚಾಕುವೇ ಬರೆದುಕೊಟ್ಟಿತ್ತು.

ಆಮೇಲೆ ಬಂತು ಫೋಟೋದ ಸರದಿ. ಇಸಬೆಲ್ಲಾ ತಲೆಗೆ ಕಿರೀಟದಂಥ ಆಭರಣ ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಚಿತ್ರವೊಂದಿತ್ತು. ಫೋಟೋದಲ್ಲಿ ಮುಖ ಎಷ್ಟು ಪಟ್ಟು ಚಿಕ್ಕದಾಗಿದೆ ಎಂದು ತಿಳಿಯದೆ ಬುರುಡೆಯೊಂದಿಗೆ ಹೋಲಿಸುವುದು ಅಸಾಧ್ಯ. ಆ ಆಭರಣ ಸಿಕ್ಕಿದ್ದರಿಂದ ಅದರ ನಿಜವಾದ ಅಳತೆಗೂ ಚಿತ್ರದಲ್ಲಿನ ಅಳತೆಗೂ ಲೆಕ್ಕ ಹಾಕಿ ಚಿತ್ರವನ್ನು ನಿಜ ಗಾತ್ರಕ್ಕೆ ಹಿಗ್ಗಿಸಿದರು. ಚಿತ್ರದಲ್ಲಿ ತಲೆ ಎಷ್ಟು ತಿರುಗಿದೆಯೋ, ಎಷ್ಟು ಬಾಗಿದೆಯೋ, ಅದೇ ಭಂಗಿಯಲ್ಲಿ ಬುರುಡೆಯನ್ನು ನಿಲ್ಲಿಸಿ ಅದರ ಫೋಟೋ ತೆಗೆದರು. ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದರು. ಹುಬ್ಬಿನ ಏಣು, ಕಣ್ಣಿನ ಗೂಡು, ಮೂಗಿನ ಬುಡ, ಕೆನ್ನೆಯ ಎಲುಬು, ದವಡೆಯ ತಿರುವು, ಗದ್ದದ ತುದಿ ಪರಸ್ಪರ ಕೂಡುತ್ತವೆಯೇ ಎಂದು ಪರೀಕ್ಷಿಸಿದರು. ಮೇರಿಯದು ಸ್ಟುಡಿಯೋದ ಚಿತ್ರವಲ್ಲ, ಸಾಧಾರಣ ಚಿತ್ರ. ಮನೆಯೊಡತಿಗೂ ಮನೆಗೆಲಸದವಳಿಗೂ ಇದ್ದ ಅಂತರ ಇಲ್ಲಿಯೂ ಉಳಿದಿತ್ತು.

ಪರಿಣತರು ಎರಡೂ ಬುರುಡೆಗಳನ್ನು ಇಬ್ಬರ ಚಿತ್ರಗಳೊಂದಿಗೂ ಅದಲುಬದಲು ಮಾಡಿ ನೋಡಿದರು. ದೊಡ್ಡ ಬುರುಡೆ ಇಸಬೆಲ್ಲಾಳ ಚಿತ್ರಕ್ಕೆ ಚೆನ್ನಾಗಿ ಹೊಂದಿತು, ಮೇರಿಯ ಚಿತ್ರಕ್ಕೆ ಹೊಂದಲೇ ಇಲ್ಲ. ಚಿಕ್ಕದರ ಕತೆ ಇದಕ್ಕೆ ತಿರುಗುಮುರುಗು. ಈ ವಿದ್ಯೆಯ ಬಲ ಎಲ್ಲಿದೆ, ಮಿತಿ ಎಲ್ಲಿದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. 'ಇದು ಅವಳದಲ್ಲ' ಎಂದು ಬುರುಡೆ ಗಟ್ಟಿಯಾಗಿ ಹೇಳಬಲ್ಲದು. 'ಇದು ಅವಳದೇ' ಎಂಬುದನ್ನು ಅಷ್ಟು ಗಟ್ಟಿಯಾಗಿ ಹೇಳಲಾರದು. ಏಕೆಂದರೆ ಅದೇ ಅಳತೆಗೆ ಹೊಂದುವ ಇನ್ನೊಂದು ಮುಖ ಲೋಕದಲ್ಲಿ ಇರಬಾರದೆಂದೇನೂ ಇಲ್ಲ.

ಆದ್ದರಿಂದ ರಕ್ಸ್‌ಟನ್ ಮೊಕದ್ದಮೆ ಬುರುಡೆಗಳ ಮೇಲೆ ಮಾತ್ರ ನಿಂತಿರಲಿಲ್ಲ. ಗಂಟುಗಳಿಗೆ ಸುತ್ತಿದ್ದ ಸೆಪ್ಟೆಂಬರ್ 15ರ ಭಾನುವಾರದ ಪತ್ರಿಕೆ, ಲ್ಯಾಂಕಾಸ್ಟರ್ ಮತ್ತು ಮೊರ್‌ಕ್ಯಾಂಬ್ ಸುತ್ತಮುತ್ತ ಮಾತ್ರ ಮಾರಾಟವಾದ, ಸುಮಾರು 3,700 ಪ್ರತಿಗಳ ವಿಶೇಷ ಸಂಚಿಕೆಯಾಗಿತ್ತು. ಬ್ರ್ಯಾಶ್ ತಯಾರಿಸಿದ ಪಾದಗಳ ಅಚ್ಚು ಆ ಇಬ್ಬರ ಬೂಟುಗಳೊಳಗೆ ಸರಿಯಾಗಿ ಕೂತಿತು. ಚಿಕ್ಕ ದೇಹದ ಬೆರಳಚ್ಚು ರಕ್ಸ್‌ಟನ್ ಮನೆಯ ಸಾಮಾನುಗಳ ಮೇಲೆ ಸಿಕ್ಕಿದ ಬೆರಳಚ್ಚಿಗೆ ಸರಿಹೊಂದಿತು. ಇವೆಲ್ಲವುಗಳ ನಡುವೆ ಒಂದು ಹಳೆಯ ರವಿಕೆಯೂ ಇತ್ತು. ಗಂಟಿಗೆ ಸುತ್ತಿದ್ದ ಆ ರವಿಕೆಯ ಕಂಕುಳ ಕೆಳಗೆ ತೇಪೆ ಹಾಕಲಾಗಿತ್ತು. ಮೇರಿಯ ಮಲತಾಯಿ ಅದನ್ನು ನೋಡಿದ ಕೂಡಲೇ ಗುರುತಿಸಿದಳು. ಹಳೆಯ ಬಟ್ಟೆಯ ಮಾರಾಟದಲ್ಲಿ ಅದನ್ನು ಕೊಂಡು, ತೇಪೆ ಹಾಕಿ, ಮಗಳಿಗೆ ಕೊಟ್ಟವಳು ಅವಳೇ. ಎರಡು ವಿಶ್ವವಿದ್ಯಾಲಯಗಳ ಪಂಡಿತರು ತಿಂಗಳುಗಟ್ಟಲೆ ಅಳೆದು ಹೇಳಿದ್ದನ್ನು ಬಡ ಹೆಂಗಸೊಬ್ಬಳು ತನ್ನ ಸೂಜಿಯ ಹೊಲಿಗೆ ನೋಡಿ ಹೇಳಿದಳು.

ಮೇರಿಯ ಹೆತ್ತವರ ವಿಷಯದಲ್ಲಿ ರಕ್ಸ್‌ಟನ್ ಹೂಡಿದ್ದ ಆಟವನ್ನೂ ಹೇಳಲೇಬೇಕು. ಮಗಳೆಲ್ಲಿ ಎಂದು ಕೇಳಲು ಬಂದವರಿಗೆ ಅವನು, ನಿಮ್ಮ ಮಗಳು ಬಸುರಿ, ಅದನ್ನು ಸರಿಪಡಿಸಲೆಂದು ನನ್ನ ಹೆಂಡತಿ ಅವಳನ್ನು ಕರೆದುಕೊಂಡು ಹೋಗಿದ್ದಾಳೆ ಎಂಬರ್ಥದ ಮಾತು ಹೇಳಿದ. ಮರ್ಯಾದೆಗೆ ಅಂಜಿ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಿತು. ಅವರು ಪೊಲೀಸರ ಬಳಿ ಹೋಗಿ ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಅಕ್ಟೋಬರ್ 13ರಂದು ರಕ್ಸ್‌ಟನ್ ಬಂಧನವಾಯಿತು. 1936ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವಿಚಾರಣೆ ನಡೆಯಿತು. ಮರಣದಂಡನೆಯಾದಾಗ ಕ್ಷಮೆ ಕೋರಿ 10,000ಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಮೇ 12ರಂದು ಅವನನ್ನು ಗಲ್ಲಿಗೇರಿಸಲಾಯಿತು. ಇಬ್ಬರನ್ನೂ ಕೊಂದದ್ದು ತಾನೇ ಎಂದು ಅವನು ಬರೆದಿಟ್ಟಿದ್ದ ತಪ್ಪೊಪ್ಪಿಗೆ ಆಮೇಲೆ ಪತ್ರಿಕೆಯಲ್ಲಿ ಅಚ್ಚಾಯಿತು. ಮೇರಿಯ ಮೇಲೆ ಅವನು ಹೊರಿಸಿದ ಕಳಂಕವೂ ಅಲ್ಲಿಗೆ ಕಳಚಿಬಿತ್ತು.

ಇದೆಲ್ಲ ದೂರದೇಶದ ಹಳೆಯ ಕತೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕಾಣೆಯಾದ ಹೆಂಗಸಿನ ಬಗ್ಗೆ ಗಂಡನೇ ಕಟ್ಟುಕತೆ ಹೇಳುತ್ತಾ ಕಾಲ ತಳ್ಳುವುದನ್ನು ಬೆಂಗಳೂರೂ ಕಂಡಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿ 1991ರಲ್ಲಿ ಕಾಣೆಯಾದರು. ಅವರ ಎರಡನೆಯ ಗಂಡ ಶ್ರದ್ಧಾನಂದ ಕೇಳಿದವರಿಗೆಲ್ಲ ಒಂದೊಂದು ಊರಿನ ಹೆಸರು ಹೇಳುತ್ತಿದ್ದ. ಮಗಳು ಸುಮ್ಮನಾಗಲಿಲ್ಲ. 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟಳು. 1994ರಲ್ಲಿ ರಿಚ್ಮಂಡ್ ರಸ್ತೆಯಲ್ಲಿದ್ದ ಶಾಕಿರಾರ ಸ್ವಂತ ಮನೆಯ ಆವರಣದಲ್ಲೇ ಅಸ್ಥಿ ಸಿಕ್ಕಿತು. 2008ರಲ್ಲಿ ಸುಪ್ರೀಂ ಕೋರ್ಟು ಆ ಗಂಡನಿಗೆ ಜೀವನಪೂರ್ತಿ ಸೆರೆವಾಸ ವಿಧಿಸಿತು. ಮಗಳು ಕೇಳುವುದನ್ನು ನಿಲ್ಲಿಸಿದ್ದರೆ ಯಾವ ಪ್ರಯೋಗಾಲಯಕ್ಕೂ ಮಾಡಲು ಕೆಲಸವೇ ಇರುತ್ತಿರಲಿಲ್ಲ.

ರಕ್ಸ್‌ಟನ್ ಪ್ರಕರಣದ ನಂತರ ಈ ವಿದ್ಯೆ ಬೇರೆ ದೇಶಗಳಿಗೂ ಹರಡಿತು. 1985ರಲ್ಲಿ ಬ್ರೆಜಿಲ್‌ನ ಎಂಬು ಎಂಬಲ್ಲಿ, ಬೇರೆಯವರ ಹೆಸರಿನಲ್ಲಿ ಹೂತಿದ್ದ ಒಂದು ಸಮಾಧಿಯನ್ನು ಅಗೆದರು. ಆಶ್ವಿಟ್ಜ್ ಯಾತನಾ ಶಿಬಿರದಲ್ಲಿ ಖೈದಿಗಳ ಮೇಲೆ, ಅವಳಿ ಮಕ್ಕಳ ಮೇಲೆ ಕ್ರೂರ ಪ್ರಯೋಗಗಳನ್ನು ನಡೆಸಿದ ನಾಜಿ ವೈದ್ಯ ಯೋಸೆಫ್ ಮೆಂಗೆಲೆಯ ಸಮಾಧಿ ಅದೆಂಬ ಗುಮಾನಿ ಇತ್ತು. ಜರ್ಮನಿಯ ತಜ್ಞ ರಿಚರ್ಡ್ ಹೆಲ್ಮರ್ ಬುರುಡೆಯ ಆಯ್ದ ಬಿಂದುಗಳಲ್ಲಿ, ಅಲ್ಲಲ್ಲಿ ಇರಬೇಕಾದ ಮಾಂಸದ ದಪ್ಪಕ್ಕೆ ತಕ್ಕ ಗುರುತುಗಳನ್ನು ನೆಟ್ಟು, ಒಂದು ವಿಡಿಯೋ ಕ್ಯಾಮೆರಾವನ್ನು ಬುರುಡೆಗೂ ಇನ್ನೊಂದನ್ನು ಮೆಂಗೆಲೆಯ ಫೋಟೋಗೂ ತಿರುಗಿಸಿ, ಎರಡೂ ಚಿತ್ರಗಳನ್ನು ಒಂದೇ ಪರದೆಯ ಮೇಲೆ ಕೂಡಿಸಿದ. ಗುರುತಿನ ತುದಿಗಳು ಮುಖದ ಅಂಚಿಗೆ ಬಂದು ನಿಂತವು. 1992ರಲ್ಲಿ ಡಿಎನ್‌ಎ ಪರೀಕ್ಷೆಯೂ ಅದನ್ನೇ ಹೇಳಿತು. ಮನುಷ್ಯರನ್ನು ಹೆಸರಿಲ್ಲದ ಸಂಖ್ಯೆಗಳಾಗಿಸಿದ್ದವನು ಹೆಸರು ಮರೆಸಿಕೊಂಡು, 1979ರಲ್ಲಿ ಕಡಲಿನಲ್ಲಿ ಮುಳುಗಿ ಸತ್ತಿದ್ದ. ಇಲ್ಲಿ ಬುರುಡೆ ಹೆಸರನ್ನು ಮರಳಿಸಿದ್ದು ಕೊಲೆಗಡುಕನಿಗೆ. ಬದುಕುಳಿದ ಸಂತ್ರಸ್ತರಿಗೂ ಆ ಉತ್ತರ ಬೇಕಾಗಿತ್ತು.

ನಮ್ಮ ದೇಶದ ನ್ಯಾಯಾಲಯಗಳು ಈ ಸಾಕ್ಷ್ಯವನ್ನು ಹೇಗೆ ಕಾಣುತ್ತವೆ? ತಮಿಳುನಾಡಿನ ಹೆಸರಾಂತ ಹೋಟೆಲ್ ಉದ್ಯಮಿ ಪಿ. ರಾಜಗೋಪಾಲ್ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ. ತಾನು ಮದುವೆಯಾಗಲು ಬಯಸಿದ ಹೆಣ್ಣಿನ ಗಂಡನನ್ನು 2001ರ ಅಕ್ಟೋಬರ್‌ನಲ್ಲಿ ಕೊಲ್ಲಿಸಿದ ಆರೋಪ ಅವನ ಮೇಲಿತ್ತು. ಶವ ಕೊಡೈಕನಾಲ್ ಬೆಟ್ಟದ ಕಾಡಿನಲ್ಲಿ ಸಿಕ್ಕಾಗ ಗುರುತು ಹಿಡಿಯುವವರಿಲ್ಲದೆ ಅದನ್ನು ಅನಾಥ ಶವವೆಂದು ಹೂತಿದ್ದರು. ಆಮೇಲೆ ಹೊರತೆಗೆದು, ಬುರುಡೆಯನ್ನು ಫೋಟೋದೊಂದಿಗೆ ಹೋಲಿಸಲಾಯಿತು. ಡಿಎನ್‌ಎ ಪರೀಕ್ಷೆ ಆಗಿಲ್ಲ, ಆದ್ದರಿಂದ ಸತ್ತವನಾರೆಂಬುದೇ ಸಾಬೀತಾಗಿಲ್ಲ ಎಂದು ಆರೋಪಿಗಳ ಕಡೆಯವರು ವಾದಿಸಿದರು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಅದನ್ನು ಬರೆದವರು ನಮ್ಮ ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಸೂಪರ್ ಇಂಪೊಸಿಷನ್ ಎಂಬುದು ತಪ್ಪೇ ಆಗದ ಪರೀಕ್ಷೆಯಲ್ಲ, ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ಆದರೆ ಬೇರೆ ಸಾಕ್ಷ್ಯಗಳಿದ್ದಾಗ ಅವುಗಳಿಗೆ ಬೆಂಬಲವಾಗಿ ಅದನ್ನು ಒಪ್ಪಬಹುದು ಎಂಬುದು ಆ ತೀರ್ಪಿನ ಸಾರ. ಶವದ ಫೋಟೋ ಮತ್ತು ವಸ್ತುಗಳನ್ನು ಗುರುತಿಸಿದ ಹೆಂಡತಿಯ ಮಾತು ಅಲ್ಲಿತ್ತು. ಜೀವಾವಧಿ ಶಿಕ್ಷೆ ಖಾಯಂ ಆಯಿತು. ಮೇರಿಯ ಮಲತಾಯಿಯ ತೇಪೆ ಎಲ್ಲಿ ನಿಂತಿತ್ತೋ ಈ ಹೆಂಡತಿಯ ಮಾತೂ ಅಲ್ಲೇ ನಿಂತಿತು.

ಈ ಎಚ್ಚರಿಕೆ ಏಕೆ ಬೇಕೆಂಬುದನ್ನು ಷಿಲ್ಲರನ ಬುರುಡೆಯೇ ಹೇಳುತ್ತದೆ. ವೆಲ್ಕರ್ ಅಲ್ಲಗಳೆದ ಮೇಲೆ 1911ರಲ್ಲಿ ಇನ್ನೊಬ್ಬ ವಿದ್ವಾಂಸ ಅದೇ ಜಾಗವನ್ನು ಅಗೆದು ಬೇರೊಂದು ಬುರುಡೆ ತಂದ. ಯಾವುದು ನಿಜವಾದದ್ದೆಂದು ಜಗಳ ದಶಕಗಳವರೆಗೆ ನಡೆಯಿತು. ಕೊನೆಗೆ ಷಿಲ್ಲರನ ಬಂಧುಗಳ ಸಮಾಧಿಗಳಿಂದ ಡಿಎನ್‌ಎ ಪಡೆದು ಹೋಲಿಸಿದಾಗ, 2008ರಲ್ಲಿ ಬಂದ ಉತ್ತರ: ಎರಡೂ ಅವನದಲ್ಲ. ರಾಜಮನೆತನದ ಸಮಾಧಿಭವನದಲ್ಲಿ ಗಯಟೆಯ ಪಕ್ಕದಲ್ಲಿರುವ ಷಿಲ್ಲರನ ಪೆಟ್ಟಿಗೆ ಈಗ ಖಾಲಿಯಾಗಿದೆ. ಅಷ್ಟು ವರ್ಷ ಮಹಾಕವಿಯೆಂದು ಗೌರವ ಪಡೆದ ಎಲುಬುಗಳು ಯಾರೋ ಬೇರೆಯವರವು.

ಹಾಗಾದರೆ ಡಿಎನ್‌ಎ ಇರುವಾಗ ಫೋಟೋ ಏಕೆ ಎಂದು ಓದುಗರು ಕೇಳಬಹುದು. ಡಿಎನ್‌ಎಗೂ ಹೋಲಿಸಲು ಒಬ್ಬ ಬಂಧು ಬೇಕು. ಎಲುಬು ಸುಟ್ಟಿದ್ದರೆ, ತೀರಾ ಹಾಳಾಗಿದ್ದರೆ ಅದು ಸಿಗದೆಯೂ ಹೋಗಬಹುದು. ಆಗ ಮನೆಯ ಗೋಡೆಯ ಮೇಲಿನ ಫೋಟೋ ಉಪಯೋಗಕ್ಕೆ ಬರುತ್ತದೆ. ಮುಂದಿನ ಹಲ್ಲು ಕಾಣುವ ನಗುಮುಖದ ಚಿತ್ರವಿದ್ದರಂತೂ ತಜ್ಞರ ಕೆಲಸ ಸುಲಭ. ಹಲ್ಲೊಂದೇ ಬದುಕಿದ್ದಾಗಲೂ ಸತ್ತ ಮೇಲೂ ನೇರವಾಗಿ ಕಣ್ಣಿಗೆ ಕಾಣುವ ಎಲುಬಿನಂಥ ಭಾಗ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಅಜ್ಜಿಯಂದಿರ ಫೋಟೋ ಇದೆ? ಬಡತನದಿಂದ ಕೆಲವರು, ಸಂಕೋಚದಿಂದ ಕೆಲವರು, ಧರ್ಮದ ಕಾರಣ ಹೇಳಿ ಕೆಲವರು ಫೋಟೋ ತೆಗೆಸಲೇ ಇಲ್ಲ. ಒಂದು ಇಡೀ ತಲೆಮಾರಿನ ಹೆಂಗಸರ ಮುಖ ಅವರನ್ನು ಕಂಡವರ ನೆನಪಿನೊಂದಿಗೇ ಮಣ್ಣಾಯಿತು. ಇಂದು ಗಲ್ಲಿಗಲ್ಲಿಗಳಲ್ಲಿ ಮೊಬೈಲ್ ಫೋಟೋಗಳಿವೆ. ಆದರೂ ಊರೂರು ಅಲೆಯುವ ಕೂಲಿಗಳ, ಮಾನಸಿಕ ಕಾಯಿಲೆಯಿಂದ ಮನೆ ಬಿಟ್ಟವರ, ಕೆಲಸಕ್ಕೆಂದು ಕರೆದೊಯ್ದು ಮಾರಲ್ಪಟ್ಟ ಹೆಣ್ಣುಮಕ್ಕಳ ಚಿತ್ರ ಹಿಡಿದುಕೊಂಡು ಠಾಣೆಗೆ ಬರುವವರು ವಿರಳ.

ಬಂದವರನ್ನಾದರೂ ನಾವು ಹೇಗೆ ಕಾಣುತ್ತೇವೆ? ಮಗಳು ಕಾಣೆಯಾಗಿದ್ದಾಳೆ ಎಂದು ತಂದೆ ಬಂದರೆ, ಯಾರ ಜೊತೆ ಓಡಿಹೋದಳು ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ. ಠಾಣೆಯಲ್ಲಿ ಕೇಳದಿದ್ದರೆ ಮೊಹಲ್ಲಾದಲ್ಲಿ ಕೇಳುತ್ತಾರೆ. ಮರ್ಯಾದೆಯ ಮಾತೆತ್ತಿ ಬಂಧುಗಳೇ ದೂರು ಕೊಡದಂತೆ ತಡೆಯುತ್ತಾರೆ. ರಕ್ಸ್‌ಟನ್ ನಂಬಿಕೊಂಡಿದ್ದು ಇದೇ ಮರ್ಯಾದೆಯನ್ನು. ಮುಖದ ಚರ್ಮ ಸುಲಿಯಲು ಅವನಿಗೆ ಚಾಕು ಬೇಕಾಯಿತು. ಮೇರಿಯ ಮನೆಯವರ ಬಾಯಿ ಕಟ್ಟಲು ಒಂದು ಮಾತು ಸಾಕೆಂದುಕೊಂಡಿದ್ದ. ಅವಮಾನಕ್ಕೆ ಅಂಜಿ ಆ ಮನೆಯವರು ಸುಮ್ಮನೆ ಕೂತಿದ್ದರೆ, ಹಳ್ಳದಲ್ಲಿ ಸಿಕ್ಕ ಆ ಚಿಕ್ಕ ಬುರುಡೆಯನ್ನು ಯಾವ ಹುಡುಗಿಯ ಫೋಟೋದ ಪಕ್ಕದಲ್ಲಿಡಬೇಕೆಂದು ಎಡಿನ್‌ಬರೋದ ಪಂಡಿತರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಆ ಪ್ರಕರಣದ ಮೇಲೆ ಆಗ ಇಂಗ್ಲೆಂಡಿನ ಜನ ಹಾಡು ಕಟ್ಟಿ ಹಾಡಿದರಂತೆ. ಅದರಲ್ಲಿ ಡಾಕ್ಟರನ ಹೆಸರಿಗೇ ಹೆಚ್ಚು ಪ್ರಚಾರ. ಇಂದಿಗೂ ಆ ಮೊಕದ್ದಮೆಯನ್ನು ಕರೆಯುವುದು ಕೊಲೆಗಾರನ ಹೆಸರಿನಿಂದಲೇ. ಕೊಂದವನ ಹೆಸರು ತಾನಾಗಿಯೇ ಉಳಿಯುತ್ತದೆ. ಸತ್ತವರ ಹೆಸರನ್ನು ಯಾರಾದರೂ ಕಷ್ಟಪಟ್ಟು ಉಳಿಸಬೇಕು. ಇಸಬೆಲ್ಲಾ ಕೆರ್, ಮೇರಿ ಜೇನ್ ರೋಜರ್ಸನ್ ಎಂಬ ಎರಡು ಹೆಸರುಗಳು ಉಳಿದದ್ದು ಅಳೆಯಬಲ್ಲವರು ಅಳೆದದ್ದರಿಂದ, ಕೇಳಬೇಕಾದವರು ಕೇಳಿದ್ದರಿಂದ.